ತಂತಿ ಕಟ್ಟಿದ ಹಲ್ಲು

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿ ಎಂಟು ತಿಂಗಳಾಯ್ತು. ತಿಂಗಳಿಗೊಮ್ಮೆ ಹೊಸೂರಿಗೆ ಹೋಗಿ ತಂತಿ ಬಿಗಿ ಮಾಡಿಸಿಕೊಂಡು ಬರ್ತೀವಿ. ಆಮೇಲೆ ಎರಡು ಮೂರು ದಿನ ನೋವು. ಅಗಿಯೋ ಕೆಲಸವಿಲ್ಲದ ರಾಗಿಮುದ್ದೆಯೇ ಆಗ ಗತಿ. ತೋತಾಪುರಿ ಕಾಯಿ ಕಚ್ಚೋ ಹಾಗಿಲ್ಲ, ತೆಳ್ಳಗೆ ಹೆಚ್ಚಿಕೊಡಬೇಕು. ಸಂಕ್ರಾಂತಿಗೆ ಕಬ್ಬೂ ಇಲ್ಲ. ಉಂಡಾಗಲೆಲ್ಲ ತಂತಿಯ ಸಂದು ಬಿಡದೆ ಬ್ರಷ್ ಮಾಡಬೇಕು, ಇಲ್ಲದಿದ್ದರೆ ಕ್ಲಿಪ್ಪಿನ ಸುತ್ತ ಹುಳುಕು ಹತ್ತುತ್ತೆ. ದುಡ್ಡು ನನ್ನದು, ಪಾಡೆಲ್ಲ ಅವಳದು.

ಮೇಲಿನ ಹಲ್ಲು ಮುಂದೆ ಚಾಚಿ ಕೆಳತುಟಿ ಗಾಯವಾಗ್ತಿತ್ತು, ನಿಜ. ಆದರೆ ನಾನು ಒಪ್ಪಿದ್ದು ಗಾಯ ನೋಡಿ ಅಲ್ಲ. ನೆಂಟರೊಬ್ಬರು "ನಾಳೆ ಗಂಡು ಯಾರು ಒಪ್ತಾರೆ" ಅಂದ ಮೇಲೆ.

ನಮ್ಮ ತಾಯಿ ಸೆರಗು ಅಡ್ಡ ಹಿಡಿಯದೆ ನಕ್ಕವರಲ್ಲ. ಚಿಕ್ಕಂದಿನಲ್ಲಿ ಕುಡಿದ ನೀರಿನ ಫ್ಲೋರೈಡು ಹಲ್ಲಿಗೆ ಕಂದು ಕಲೆ ಹಾಕಿತ್ತು. ಆ ಕಲೆ ತಂತಿಗೂ ಹೋಗೋದಲ್ಲ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಿಗೆ ಹೊಗೇನಕಲ್ ನೀರಿನ ಯೋಜನೆ ಬಂದಿದ್ದು 2013ರಲ್ಲಿ. ನೀರಿನ ದೋಷವನ್ನ ಅವರು ತಮ್ಮ ತಪ್ಪು ಅಂತಲೇ ಹೊತ್ತರು.

ಮೊನ್ನೆ ಮಗಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಜ್ಜಿಯೇ ಆ ಕೈ ತೆಗೆದರು. ಇದೆಲ್ಲ ನಿನಗೆ ಬೇಕಾ ಅಂತ ನಾನು ಅವಳನ್ನ ಒಂದು ದಿನವೂ ಕೇಳಿಲ್ಲ. ಇನ್ನೂ ಒಂದು ವರ್ಷ ಬಾಕಿ ಇದೆ. ತಂತಿ ಕಟ್ಟಿಸಿದ ಮೇಲೆ ಕೇಳಿದರೆ ಅದು ಕೇಳಿದ ಹಾಗಾಗುತ್ತಾ?