ಶಿಷ್ಟರ ಸಂಕಟವೂ ಶಿವನಿಷ್ಠೆಯೂ

ದೇವರು ದಯಾಮಯನಾಗಿದ್ದರೆ ಸತ್ಪುರುಷರಿಗೆ ಸಂಕಟವೇಕೆ? ಈ ಪ್ರಶ್ನೆ ಶಾಸ್ತ್ರಗಳಷ್ಟೇ ಪುರಾತನವಾದುದು. ಪಾಠಶಾಲೆಯಲ್ಲಿ ಇದಕ್ಕೆ ಉತ್ತರ ಹೇಳುವುದು ಸುಲಭ. ಶೋಕದ ಮನೆಯಲ್ಲಿ ಹೇಳುವುದು ಹಾಗಲ್ಲ. ಇದನ್ನು ನಾನು ತಡವಾಗಿ ಕಲಿತೆನು.

2021ನೆಯ ಇಸವಿಯ ಮೇ ತಿಂಗಳಿನಲ್ಲಿ, ಕೊರೋನಾ ಮಹಾಮಾರಿಯ ಎರಡನೆಯ ಅಲೆಯ ಕಾಲಕ್ಕೆ, ರಾಜಾಜಿನಗರದ ಭಕ್ತಕುಟುಂಬವೊಂದು ತನ್ನ ಒಬ್ಬನೇ ಮಗನನ್ನು ಕಳೆದುಕೊಂಡಿತು. ನಿತ್ಯವೂ ತಪ್ಪದೆ ಲಿಂಗಪೂಜೆ ಮಾಡುತ್ತಿದ್ದ ಯುವಕನಾತ. ಪದ್ಮಾಸನದಲ್ಲಿ ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿಕ್ರಿಯೆ ನಡೆಸುವ ಭಾಗ್ಯವೂ ತಂದೆತಾಯಿಗಳಿಗೆ ಲಭಿಸಲಿಲ್ಲ. ಕೆಲವು ವಾರಗಳ ಮೇಲೆ ನಾನು ಹೋಗಿ, ರೂಢಿಯಂತೆ, “ಪೂರ್ವಕರ್ಮವಮ್ಮಾ, ಯಾರೇನು ಮಾಡಲಾದೀತು?” ಎಂದೆನು. ಆ ತಾಯಿ ಕೇಳಿದರು: “ದೀಕ್ಷೆಯಲ್ಲಿ ಕರ್ಮ ಕಳೆಯಿತೆಂದು ನೀವೇ ಅಲ್ಲವೇ ಹೇಳಿದ್ದು?”

ನಾನು ನಿರುತ್ತರನಾದೆನು. ವೇಧಾ, ಮಂತ್ರ, ಕ್ರಿಯಾ ಎಂಬ ತ್ರಿವಿಧ ದೀಕ್ಷೆಯಿಂದ ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯವು ನಿವೃತ್ತಿಯಾಗುವುದೆಂಬುದು ನಮ್ಮ ಸಿದ್ಧಾಂತ. ಅದನ್ನು ದಿನವೂ ಬೋಧಿಸುವ ನಾನೇ, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕರ್ಮದ ಖಾತೆಯನ್ನು ತೆರೆದಿದ್ದೆನು. ಅದು ಸಾಂತ್ವನವಲ್ಲ, ತೀರ್ಪು.

ಕ್ರೈಸ್ತರ ಧರ್ಮಗ್ರಂಥದಲ್ಲಿ ಯೋಬನೆಂಬ ಸಜ್ಜನನ ಕಥೆಯುಂಟು. ಸಂಪತ್ತು, ಹತ್ತು ಮಂದಿ ಮಕ್ಕಳು, ದೇಹಸೌಖ್ಯ ಎಲ್ಲವನ್ನೂ ಅವನು ಕಳೆದುಕೊಂಡನು. ಸ್ನೇಹಿತರು ಬಂದು, ನೀನು ಪಾಪ ಮಾಡಿರಲೇಬೇಕೆಂದು ವಾದಿಸಿದರು. ಯೋಬನಾದರೋ ಅದನ್ನೊಪ್ಪದೆ ದೇವರೊಡನೆಯೇ ಜಗಳವಾಡಿದನು. ಕಡೆಯಲ್ಲಿ ದೇವರು ಸಂಕಟದ ಕಾರಣವನ್ನು ವಿವರಿಸಲಿಲ್ಲ; ಆದರೆ ತನ್ನ ಪಕ್ಷ ವಹಿಸಿದ್ದ ಆ ಸ್ನೇಹಿತರನ್ನೇ ಖಂಡಿಸಿ, ಜಗಳವಾಡಿದ ಯೋಬನನ್ನು ಮೆಚ್ಚಿದನು. ಅದನ್ನು ಓದಿದಾಗ ಆ ಸ್ನೇಹಿತರ ಪಂಕ್ತಿಯಲ್ಲಿ ನನ್ನನ್ನೂ ಕಂಡೆನು.

ನಮ್ಮಲ್ಲಿಯೂ ಇದರ ನಿದರ್ಶನವುಂಟು. 12ನೆಯ ಶತಮಾನದ ಕಲ್ಯಾಣದಲ್ಲಿ, ಸಮಗಾರ ಕುಲದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾದುದಕ್ಕಾಗಿ ಬಿಜ್ಜಳನು ಆ ಇಬ್ಬರು ತಂದೆಯರಿಗೂ ಘೋರ ಮರಣದಂಡನೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಅದನ್ನು ಹರಳಯ್ಯನವರ ಪೂರ್ವಕರ್ಮವೆಂದು ಶರಣರು ತಳ್ಳಿಹಾಕಲಿಲ್ಲ. ಅರಸನ ಅನ್ಯಾಯವೆಂದೇ ತಿಳಿದರು. ಆದರೂ ಶಿವನನ್ನು ಬಿಡಲಿಲ್ಲ. ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದರು. ಮನುಷ್ಯನ ಅಪರಾಧವನ್ನು ಶಿವನ ಲೆಕ್ಕಕ್ಕೆ ಬರೆಯಲಾಗದು. 2021ರ ಅದೇ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡು, ಆಮ್ಲಜನಕದ ಅಭಾವದ ಮಾತು ನಾಡಿನಲ್ಲೆಲ್ಲ ಎದ್ದಿತು. ಅಂತಹ ಕಡೆ ಕೇಳಬೇಕಾದುದು ಲೆಕ್ಕಪತ್ರವೇ ಹೊರತು ಜಾತಕವಲ್ಲ.

ಹಾಗಾದರೆ ಬಂದುದೆಲ್ಲವೂ ಪ್ರಸಾದವೆಂಬ ಬೋಧೆಯೇನಾಯಿತು? ಅದು ಸತ್ಯವೇ. ಆದರೆ ಷಟ್‌ಸ್ಥಲದ ಕ್ರಮವನ್ನು ಗಮನಿಸಿರಿ: ಭಕ್ತಸ್ಥಲದ ಶ್ರದ್ಧೆಯೂ ಮಾಹೇಶ್ವರಸ್ಥಲದ ನಿಷ್ಠೆಯೂ ಬಲಿತ ಮೇಲೆ ಪ್ರಸಾದಿಸ್ಥಲ ಬರುವುದು. ಆ ಮೆಟ್ಟಿಲನ್ನು ಸಾಧಕನು ತಾನೇ ಏರಬೇಕು. ಅಳುತ್ತಿರುವವರನ್ನು ಇನ್ನೊಬ್ಬರು ಅಲ್ಲಿಗೆ ಎಳೆದೊಯ್ಯಲಾಗದು. ನನ್ನ ದುಃಖವನ್ನು ನಾನು ಪ್ರಸಾದವೆನ್ನಬಹುದು. ನೆರೆಯವರ ದುಃಖಕ್ಕೆ ನನ್ನಿಂದ ಸಲ್ಲಬೇಕಾದುದು ದಾಸೋಹ: ಒಂದು ಹೊತ್ತಿನ ಅನ್ನ, ಆಸ್ಪತ್ರೆಯ ಓಡಾಟ, ಬಳಿಯಲ್ಲಿ ಕೆಲಕಾಲದ ಮೌನ.

ವರ್ಷ ಕಳೆದ ಮೇಲೆ ಪುನಃ ಆ ಮನೆಗೆ ಹೋದೆನು. ಈ ಸಲ ಉಪದೇಶಿಸಲಿಲ್ಲ, ಕ್ಷಮೆ ಕೇಳಿದೆನು. ಆ ತಾಯಿ ಪೂಜೆಗೆ ಕುಳಿತಿದ್ದರು. ಮುಗಿದ ಮೇಲೆ, “ದಿನವೂ ಕೈಯಲ್ಲಿ ಹಿಡಿದು ಕೇಳುತ್ತೇನೆ, ಏಕೆ ಮಾಡಿದೆ ಎಂದು. ಉತ್ತರವಿಲ್ಲ. ಆದರೆ ಕೇಳುವುದಕ್ಕೆ ಇವನನ್ನು ಬಿಟ್ಟು ನನಗೆ ಇನ್ನಾರಿದ್ದಾರೆ?” ಎಂದರು.

ಗ್ರಂಥಗಳಲ್ಲಿ ನಿಷ್ಠೆಯ ಲಕ್ಷಣವನ್ನು ಅನೇಕ ಬಾರಿ ಓದಿದ್ದೆನು, ಕಂಡದ್ದು ಅಂದು. ನಂಬುಗೆಯೆಂದರೆ ಪ್ರಶ್ನೆಗಳು ಅಡಗುವುದಲ್ಲ. ಪ್ರಶ್ನೆಯೊಡನೆಯೇ ಕರಸ್ಥಲದ ಲಿಂಗವನ್ನು ಹಿಡಿದಿರುವುದು. ಭಕ್ತಬಾಂಧವರೇ, ಇನ್ನೊಮ್ಮೆ ಶೋಕದ ಮನೆಯ ಹೊಸ್ತಿಲು ದಾಟುವಾಗ ನಮ್ಮ ಕರ್ಮಸಿದ್ಧಾಂತವನ್ನು ಪಾದರಕ್ಷೆಗಳೊಡನೆ ಹೊರಗೇ ಬಿಟ್ಟು ಹೋಗೋಣ.