ಉಸಿರಿಗೆ ಕೊನೆಯಿಲ್ಲದಾಗ

1985ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆಂದು ‘ಸೌಂಡ್ ಡಿಸೈನರ್’ ಎಂಬ ತಂತ್ರಾಂಶ ಬಂತು. ಮಾಡಿದವರು ಡಿಜಿಡಿಸೈನ್‌ನ ಪೀಟರ್ ಗಾಚರ್ ಮತ್ತು ಇವಾನ್ ಬ್ರೂಕ್ಸ್. ಅದಕ್ಕೂ ಮುಂಚೆ ಅವರು ಡ್ರಮ್ ಯಂತ್ರಗಳಿಗೆ ಹೊಸ ದನಿಗಳ ಚಿಪ್ ಮಾರುತ್ತಿದ್ದರು. ಇವತ್ತು ಸ್ಟುಡಿಯೋಗಳಲ್ಲಿ ಬೇರೂರಿರುವ ‘ಪ್ರೊ ಟೂಲ್ಸ್’ನ ಪೂರ್ವಜ ಇದೇ. ಆಗ ಅದಕ್ಕಿದ್ದದ್ದು ಸಣ್ಣ ಕೆಲಸ. ಇಮ್ಯುಲೇಟರ್ 2 ಎಂಬ ಸ್ಯಾಂಪ್ಲರಿನೊಳಗೆ ಹಿಡಿದಿಟ್ಟ ದನಿಯನ್ನು ಒಂದು ಕೇಬಲ್ ಮೂಲಕ ಕಂಪ್ಯೂಟರಿಗೆ ತರಿಸಿಕೊಳ್ಳುವುದು, ತಿದ್ದುವುದು, ವಾಪಸ್ ಕಳಿಸುವುದು.

ತಿದ್ದುವುದು ಎಂದೆ. ದನಿ ಅಲ್ಲಿ ಗೆರೆಯಾಗಿ ಕಾಣುತ್ತಿತ್ತು. ಪರದೆಯ ಮೇಲಿನ ಪೆನ್ಸಿಲ್ ಹಿಡಿದು ಆ ಗೆರೆಯನ್ನು ಬೇಕಾದಂತೆ ಎಳೆಯಬಹುದಿತ್ತು. ಕಿವಿಯ ವಸ್ತು ಕಣ್ಣಿನ ವಸ್ತುವಾದ ಆ ಗಳಿಗೆಯಲ್ಲಿ ಒಂದು ನೈತಿಕ ಪ್ರಶ್ನೆ ಹುಟ್ಟಿತು ಅಂತ ನನಗನ್ನಿಸುತ್ತದೆ. ಹೀಗೆ ಮುಟ್ಟಿ, ಕತ್ತರಿಸಿ, ಹಿಗ್ಗಿಸಿದ ಮೇಲೆ ಅದು ಯಾರ ದನಿ?

ಇಮ್ಯುಲೇಟರ್ 2ರ ನೆನಪು 512 ಕಿಲೋಬೈಟ್. ಒಟ್ಟು ಹದಿನೇಳು ಚಿಲ್ಲರೆ ಸೆಕೆಂಡು ಶಬ್ದ ಹಿಡಿಯುತ್ತಿತ್ತು, ಅದನ್ನೇ ಇಡೀ ಕೀಲಿಮಣೆಗೆ ಹಂಚಬೇಕು. ಹಾಗಾಗಿ ‘ಲೂಪ್’ ಅನಿವಾರ್ಯ: ದನಿ ಹುಟ್ಟುವ ಭಾಗವನ್ನು ಒಮ್ಮೆ ನುಡಿಸಿ, ಆಮೇಲಿನ ಒಂದು ತುಣುಕನ್ನು ಸುತ್ತಿಸುತ್ತಲೇ ಇರುವುದು. ಅಲೆ ಸೊನ್ನೆಯ ಗೆರೆಯನ್ನು ದಾಟುವ ಕಡೆ ಕತ್ತರಿಸಬೇಕು. ತುಣುಕಿನ ತುದಿಯೂ ಮೊದಲೂ ಕೂಡದಿದ್ದರೆ ಪ್ರತಿ ಸುತ್ತಿಗೂ ‘ಟಕ್’ ಅನ್ನುತ್ತದೆ. ಒಳ್ಳೆಯ ಲೂಪ್ ಅಂದರೆ ಹೊಲಿಗೆ ಕಾಣದ ಬಟ್ಟೆ. ಕೀಲಿ ಒತ್ತಿ ಹಿಡಿದಷ್ಟು ಹೊತ್ತೂ ಕೊಳಲು ಊದುತ್ತಲೇ ಇರುತ್ತದೆ, ಊದುವವನು ಉಸಿರು ಎಳೆದುಕೊಳ್ಳುವುದೇ ಇಲ್ಲ.

ಪೀಟರ್ ಗೇಬ್ರಿಯಲ್‌ನ 1986ರ ‘ಸ್ಲೆಡ್ಜ್‌ಹ್ಯಾಮರ್’ ಹಾಡು ಶುರುವಾಗುವುದು ಜಪಾನಿನ ಬಿದಿರು ಕೊಳಲು ಶಕುಹಾಚಿಯ ದನಿಯಿಂದ. ಅದು ಇಮ್ಯುಲೇಟರ್ 2ರ ಜೊತೆ ಬರುತ್ತಿದ್ದ ದನಿಸಂಗ್ರಹದ್ದು. ಶಕುಹಾಚಿ ಬರೀ ವಾದ್ಯವಲ್ಲ. ಫುಕೆ ಪಂಥದ ಝೆನ್ ಭಿಕ್ಷುಗಳಿಗೆ ಅದನ್ನು ಊದುವುದೇ ಧ್ಯಾನ. ಉಸಿರು ಮುಗಿಯುವ ಜಾಗವೂ ಅದರ ಭಾಗ. ಅಂಥ ದನಿಗೆ ಲೂಪ್ ಹಾಕಿದರೆ ಉಳಿಯುವುದೇನು? ಧ್ವನಿಯ ಬಣ್ಣ ಉಳಿದೀತು, ಮಿತಿ ಹೋಗುತ್ತದೆ. ಆ ಮಿತಿ ಒಬ್ಬ ಮನುಷ್ಯನ ಎದೆಗೂಡಿನದು.

ಇದು ಕಳ್ಳತನವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಯಂತ್ರದ ಜೊತೆ ಕೊಟ್ಟ ದನಿಯನ್ನು ಬಳಸಲಿಕ್ಕೆಂದೇ ಕೊಟ್ಟಿದ್ದು. ನಿಜವಾದ ಅನ್ಯಾಯದ ಕಥೆ ಬೇರೆಯಿದೆ. 1969ರಲ್ಲಿ ವಿನ್‌ಸ್ಟನ್ಸ್ ತಂಡದ ‘ಆಮೆನ್, ಬ್ರದರ್’ ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ನಾಲ್ಕು ಆವರ್ತನದ ಡ್ರಮ್ ತುಣುಕು ಸಾವಿರಾರು ಹಾಡುಗಳಿಗೆ ಬೆನ್ನೆಲುಬಾಯಿತು. ಅವನು 2006ರಲ್ಲಿ ಮನೆಯಿಲ್ಲದ ಬಡವನಾಗಿ ಸತ್ತ. ಅಭಿಮಾನಿಗಳು 2015ರಲ್ಲಿ ಹಣ ಕೂಡಿಸಿ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ ಸುಮಾರು 24,000 ಪೌಂಡ್ ಕೊಟ್ಟರು. ಅಲ್ಲಿ ಸಾಲ ಇತ್ತು, ತಡವಾಗಿಯಾದರೂ ಒಂದು ಪಾಲು ತೀರಿತು. ನನ್ನನ್ನು ಕಾಡುವುದು ಎಲ್ಲರೂ ಒಪ್ಪಿ, ಎಲ್ಲವೂ ಕ್ರಮಬದ್ಧವಾಗಿ ನಡೆದಾಗಲೂ ಮಿಗುವ ಋಣ. ಸ್ಯಾಂಪ್ಲರಿನ ದನಿಪಟ್ಟಿಯಲ್ಲಿ ‘ಶಕುಹಾಚಿ’ ಎಂದು ಓದುತ್ತೇವೆ. ಅದು ವಾದ್ಯದ ಹೆಸರು, ಊದಿದವರದಲ್ಲ.

ಇದನ್ನು ಯಂತ್ರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ಮಾತ್ರ ನನಗೆ ಮನಸ್ಸಿಲ್ಲ. ನಮ್ಮ ಕಚೇರಿಗಳಲ್ಲಿ ಹಿಂದೆ ಕೂತು ಎರಡು ಎರಡೂವರೆ ತಾಸು ತಂಬೂರಿ ಮೀಟುವವರ ಹೆಸರನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇವೆ? ಆಹ್ವಾನ ಪತ್ರಿಕೆಯಲ್ಲಿ ಪಿಟೀಲು, ಮೃದಂಗ, ಘಟ ಎಲ್ಲಕ್ಕೂ ಹೆಸರಿರುತ್ತದೆ. ನಾನು ಬೆಳಗಿನ ಸಾಧನೆಗೆ ಮೊಬೈಲಿನ ತಂಬೂರಿಯನ್ನೇ ಹಚ್ಚಿಕೊಳ್ಳುತ್ತೇನೆ. ಯಾರದೋ ಬೆರಳು ಮೀಟಿದ ನಾಲ್ಕು ತಂತಿ, ಸುತ್ತಿ ಸುತ್ತಿ ಬರುತ್ತದೆ. ಆ ಬೆರಳು ಯಾರದೆಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದಿದ್ದರೆ ಷಡ್ಜವೇನೂ ಕೆಡುವುದಿಲ್ಲ. ಹೆಸರು ಮರೆಸುವುದನ್ನು ಕಂಪ್ಯೂಟರ್ ಕಲಿಸಲಿಲ್ಲ. ಅದು ನಮ್ಮಲ್ಲಿ ಮೊದಲಿಂದಲೂ ಇತ್ತು.

ಹಾಗಿದ್ದರೆ ಯಾರ ದನಿಯನ್ನೂ ಎರವಲು ತರದೆ, ಶೂನ್ಯದಿಂದಲೇ ಹುಟ್ಟಿಸಿದರೆ ಋಣವೇ ಇಲ್ಲವಲ್ಲ? ಡಿಜಿಡಿಸೈನ್ ಅದನ್ನೂ ಮಾಡಿತು. ‘ಸಾಫ್ಟ್‌ಸಿಂತ್’ ಸ್ವರಾಂಶಗಳನ್ನು ಒಂದರ ಮೇಲೊಂದು ಕೂಡಿಸಿ ಹೊಸ ದನಿ ಕಟ್ಟಿ ಸ್ಯಾಂಪ್ಲರಿಗೆ ಕಳಿಸುತ್ತಿತ್ತು. ಆದರೆ ‘ಟರ್ಬೋಸಿಂತ್’ ಬರುವ ಹೊತ್ತಿಗೆ ಹುಟ್ಟಿಸಿದ ಅಲೆಯನ್ನೂ ಹಿಡಿದು ತಂದ ದನಿಯನ್ನೂ ಒಂದೇ ಪರದೆಯಲ್ಲಿ ಬೆರೆಸಬಹುದಾಗಿತ್ತು. ಹಾಲು ನೀರು ಬೇರ್ಪಡಿಸುವ ಹಂಸ ಇಲ್ಲಿಗೆ ಬಂದರೂ ಸೋಲುತ್ತದೆ. ಋಣ ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಎಂದು ಆ ಕಡತವನ್ನು ಮಾಡಿದವರೂ ಹೇಳಲಾರರು.

ಅಲ್ಲದೆ ಹೆಸರಿಲ್ಲದವರು ಒಬ್ಬರೇ ಅಲ್ಲ. ಸೆಕೆಂಡಿಗೆ ಇಪ್ಪತ್ತೇಳು ಸಾವಿರಕ್ಕೂ ಮೀರಿದ ಅಂಕಿಗಳ ನಡುವೆ ಆ ಒಂದು ಸೊನ್ನೆ ಹುಡುಕುತ್ತ ಪರದೆಯ ಮುಂದೆ ಕೂತವರೂ ಇದ್ದಾರೆ. ಕೊಳಲಿಗೆ ತುಟಿ ತಾಗುವ ಮುಂಚಿನ ಗಾಳಿಯ ಸದ್ದನ್ನು ಕತ್ತರಿಸಬೇಕೋ ಇರಲಿ ಎಂದು ಬಿಡಬೇಕೋ ಎಂಬುದು ಅವರ ಕೈಯಲ್ಲಿತ್ತು. ‘ಸ್ಲೆಡ್ಜ್‌ಹ್ಯಾಮರ್’ನ ಶುರುವಿನಲ್ಲಿ ಆ ಗಾಳಿ ಇನ್ನೂ ಕೇಳಿಸುತ್ತದೆ.