ಹೊಗಳಿಕೆಯೂ ದಾಸೋಹವೂ

ಶ್ರಾವಣಮಾಸದಲ್ಲಿ ಮಠಗಳಲ್ಲಿ ಪುರಾಣ ಪ್ರವಚನಗಳು ನಡೆಯುವುವು. ಗವಾಯಿಗಳು ಹಾಡುವರು; ಭಕ್ತರು ತಲೆದೂಗಿ ಮನೆಗೆ ತೆರಳುವರು. ತಲೆದೂಗಿದ ಮಾತ್ರಕ್ಕೆ ಕಲಾವಿದನ ಒಲೆ ಉರಿಯುವುದೇ?

ಅಮೇರಿಕದ ಕಪ್ಪು ಜನಾಂಗದಲ್ಲಿ 1892ರಲ್ಲಿ ಜನಿಸಿದ ಅಗಸ್ಟಾ ಸ್ಯಾವೇಜ್ ಶಿಲ್ಪಕಲೆಯನ್ನೇ ಕಾಯಕವಾಗಿ ನಂಬಿದವಳು. 1923ರಲ್ಲಿ ಫ್ರಾನ್ಸಿನ ಕಲಾಶಾಲೆಯೊಂದಕ್ಕೆ ಹೋಗಬಯಸಿದಾಗ, ಮೈಬಣ್ಣದ ಕಾರಣದಿಂದ ಆಯ್ಕೆಯ ಮಂಡಲಿ ಆಕೆಯನ್ನು ನಿರಾಕರಿಸಿತು. ಆಕೆ ಧೃತಿಗೆಡಲಿಲ್ಲ. 1929ರಲ್ಲಿ ವಿದ್ಯಾರ್ಥಿವೇತನ ದೊರೆಯಿತು. ಆಕೆಯ ಜನರೂ, ಶಿಕ್ಷಕರೂ, ಮಹಿಳಾ ಸಂಘದವರೂ ಹಣ ಕೂಡಿಸಿ ಪ್ಯಾರಿಸಿಗೆ ಕಳುಹಿದರು. ಮರಳಿ ಬಂದು ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಬಡಮಕ್ಕಳಿಗೆ ಕಲೆಯನ್ನು ಕಲಿಸಿದಳು. 1937ರಲ್ಲಿ ಅಲ್ಲಿಯ ಸಮುದಾಯ ಕಲಾಕೇಂದ್ರದ ಮೊದಲ ನಿರ್ದೇಶಕಿಯಾದಳು. ಪಡೆದುದನ್ನು ಹಂಚುವುದೇ ದಾಸೋಹವಲ್ಲವೇ?

1939ರ ವಿಶ್ವಪ್ರದರ್ಶನಕ್ಕಾಗಿ, ಹಾಡುವವರ ಸಾಲನ್ನೇ ತಂತಿಗಳಾಗಿಸಿ, ಸುಮಾರು 16 ಅಡಿ ಎತ್ತರದ ವಾದ್ಯರೂಪದ ಶಿಲ್ಪವನ್ನು ಆಕೆ ರಚಿಸಿದಳು. ನೋಡಿದವರು ಕೊಂಡಾಡಿದರು. ಆದರೆ ಕಂಚಿನಲ್ಲಿ ಎರಕ ಹೊಯ್ಯಿಸಲು ಹಣವೊದಗಲಿಲ್ಲ. ಪ್ರದರ್ಶನ ಮುಗಿದ ಮೇಲೆ ಆ ಪ್ಲಾಸ್ಟರಿನ ಶಿಲ್ಪವನ್ನು ಒಡೆದುಹಾಕಲಾಯಿತು. ಹೊಗಳಿಕೆ ಗಾಳಿಗೆ ಹೋಯಿತು, ಕೃತಿ ಮಣ್ಣುಗೂಡಿತು.

ಶರಣರ ನೆರವಿಯಲ್ಲಿ ಹಗ್ಗ ಹೊಸೆಯುವ ಚಂದಯ್ಯನೂ ಬಿದಿರು ಹೆಣೆಯುವ ಕೇತಯ್ಯನೂ ಸಮಾನರು. ಅಲ್ಲಿ ಕುಲವನ್ನು ಕೇಳಲಿಲ್ಲ, ಕಾಯಕವನ್ನು ಕಂಡರು. ಹಾಡು, ಕುಣಿತ, ಗೊಂಬೆಯಾಟಗಳೂ ಕಾಯಕಗಳೇ. ಅವುಗಳಿಗೆ ಸಲ್ಲಿಸುವುದು ಭಿಕ್ಷೆಯಲ್ಲ, ಋಣಸಂದಾಯ. ಈ ಶ್ರಾವಣದಲ್ಲಿ ಸದ್ಭಕ್ತರು ಊರ ಕಲಾವಿದನನ್ನು ಮನೆಗೆ ಕರೆದು, ಸರಿಸಮನಾಗಿ ಪಂಕ್ತಿಯಲ್ಲಿ ಕುಳ್ಳಿರಿಸಿ, ಆತನ ಕಾಯಕಕ್ಕೆ ತಕ್ಕುದನ್ನು ಸಲ್ಲಿಸಲಿ. ಕೃತಿ ಒಡೆದ ಬಳಿಕ ಮರುಗುವುದಕ್ಕಿಂತ, ಇರುವಾಗಲೇ ಕಾಯುವುದು ಲೇಸು.